ಡ್ರ್ಯಾಗನ್ ಕಲಿಯುವ ಮುನ್ನ ಸಿ3 ಮನೆಯನ್ನು ನೋಡಿ

ಚೆಸ್‌ನಲ್ಲಿ ಕಪ್ಪು ಕಾಯಿಯವರು ಆಡುವ ಸಿಸಿಲಿಯನ್ ಡ್ರ್ಯಾಗನ್ ಅನ್ನುವ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಕಲಿಯಬೇಕು ಅಂತ ಹೊರಡುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ನಡೆಗಳನ್ನು ಬಾಯಿಪಾಠ ಮಾಡುವುದು. 15 ನಡೆ, 20 ನಡೆ, ಒಂದು ವಿಡಿಯೊ ಮುಗಿಯಿತು ಅಂದರೆ ಇನ್ನೊಂದು. ಆಮೇಲೆ ಟೂರ್ನಿಯಲ್ಲಿ ಎದುರಾಳಿ 11ನೇ ನಡೆಗೇ ಬೇರೆ ಏನೋ ಆಡುತ್ತಾನೆ. ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು. ಎಚ್ ಸಾಲು ತೆರೆದುಕೊಳ್ಳುತ್ತದೆ, ಬಿಳಿ ರಾಣಿ ಎಚ್6ಕ್ಕೆ ಬಂದು ಕೂರುತ್ತದೆ, 25ನೇ ನಡೆಯ ಹೊತ್ತಿಗೆ ಆಟ ಕೈಬಿಟ್ಟಿರುತ್ತದೆ. ಈ ಓಪನಿಂಗ್ ನಮ್ಮಂಥವರಿಗಲ್ಲ ಅಂತ ಬಿಟ್ಟುಬಿಡುತ್ತಾರೆ.

ಹಾಗೆ ಬಿಡುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಯಾಕೆಂದರೆ ಡ್ರ್ಯಾಗನ್ ನೆನಪಿನ ಪರೀಕ್ಷೆ ಅಂತ ಹೆಸರು ಪಡೆದಿದ್ದರೂ ಅದರ ಒಳಗಿನ ತರ್ಕ ತುಂಬ ಸರಳ. ಕಪ್ಪು ಕಾಯಿಯ ಬಹುಪಾಲು ನಡೆಗಳೆಲ್ಲ ಒಂದೇ ಮನೆಯ ಕಡೆಗೆ ಬೆರಳು ತೋರಿಸುತ್ತವೆ. ಅದು ಸಿ3, ಅಂದರೆ ಸಿ ಸಾಲಿನಲ್ಲಿ ಬಿಳಿಯ ಕಡೆಯಿಂದ ಮೂರನೇ ಮನೆ (ಉದ್ದ ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕಿ). ಅಲ್ಲಿ ನಿಂತಿರುವ ಬಿಳಿ ಕುದುರೆ ಗಟ್ಟಿಯಾಗಿದೆಯಾ, ಅದನ್ನು ಕಾಯುವವರು ಯಾರು, ಅದು ಬಿದ್ದರೆ ಏನಾಗುತ್ತದೆ, ಇಷ್ಟನ್ನು ಪ್ರತಿ ನಡೆಗೂ ಕೇಳಿಕೊಳ್ಳುವ ಅಭ್ಯಾಸ ಬಂದರೆ ಅರ್ಧ ಡ್ರ್ಯಾಗನ್ ಕೈಗೆ ಬಂದ ಹಾಗೆ. ಈ ಲೇಖನದಲ್ಲಿ ನಾನು ಹೇಳಲು ಹೊರಟಿರುವುದು ಅದನ್ನೇ. ಇಲ್ಲಿ ನಾವು ಕಪ್ಪು ಕಾಯಿ ಆಡುತ್ತಿದ್ದೇವೆ ಅಂತ ಇಟ್ಟುಕೊಳ್ಳಿ. ಪಕ್ಕದಲ್ಲಿ ಬೋರ್ಡ್ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಮೊದಲ ಐದು ನಡೆಗಳು ಹೀಗೆ. ಬಿಳಿ ಇ4, ನಾವು ಸಿ5. ಬಿಳಿ ಕುದುರೆ ಎಫ್3, ನಾವು ಡಿ6. ಬಿಳಿ ಡಿ4, ನಾವು ಸಿ ಸಾಲಿನ ಪಾನ್‌ನಿಂದ (ಕಾಲಾಳಿನಿಂದ) ಅದನ್ನು ಹೊಡೆಯುತ್ತೇವೆ. ಬಿಳಿ ಕುದುರೆ ಡಿ4ಕ್ಕೆ ಬಂದು ವಾಪಸ್ ಹೊಡೆಯುತ್ತದೆ, ನಾವು ಕುದುರೆ ಎಫ್6 ಆಡಿ ಇ4 ಪಾನ್ ಮೇಲೆ ಕಣ್ಣಿಡುತ್ತೇವೆ. ಬಿಳಿ ಕುದುರೆ ಸಿ3 ಆಡಿ ಅದನ್ನು ಕಾಯುತ್ತದೆ. ಈಗ ನಾವು ಜಿ6. ಇದು ಡ್ರ್ಯಾಗನ್. ಕಪ್ಪು ಪಾನ್‌ಗಳ ಸಾಲನ್ನು ನೋಡಿ ಡ್ರೇಕೊ ನಕ್ಷತ್ರಪುಂಜ ನೆನಪಾಗಿ ಈ ಹೆಸರಿಟ್ಟದ್ದು ರಷ್ಯದ ಆಟಗಾರ ಫ್ಯೋದರ್ ದುಸ್ ಖೋತಿಮಿರ್ಸ್ಕಿ ಎಂದು ಹೇಳುತ್ತಾರೆ.

ಇಲ್ಲಿ ಒಂದು ನಿಮಿಷ ನಿಂತು ಬೋರ್ಡ್ ನೋಡಿ. ನಮ್ಮ ಸಿ ಪಾನ್ ಹೋಗಿದೆ, ಅವರ ಡಿ ಪಾನ್ ಹೋಗಿದೆ. ಅಂದರೆ ನಮ್ಮ ಕಡೆಯಿಂದ ಸಿ ಸಾಲು ಖಾಲಿ. ಸಿ8ರಲ್ಲಿ ಒಂದು ಆನೆ ನಿಲ್ಲಿಸಿದರೆ ಅದರ ದೃಷ್ಟಿ ನೇರವಾಗಿ ಸಿ3 ಕುದುರೆಯ ಮೇಲೆ, ಅದರ ಹಿಂದಿನ ಸಿ2 ಪಾನ್ ಮೇಲೆ. ಇನ್ನೊಂದು ಕಡೆ ಜಿ7ಗೆ ಬರುವ ಒಂಟೆ. ಅದರ ಓರೆ ಗೆರೆ ಜಿ7ರಿಂದ ಶುರುವಾಗಿ ಎಫ್6, ಇ5, ಡಿ4, ಸಿ3 ದಾಟಿ ಬಿ2, ಎ1ರವರೆಗೆ ಹೋಗುತ್ತದೆ. ಸಿ ಸಾಲು ಮತ್ತು ಈ ಉದ್ದನೆಯ ಓರೆ ಗೆರೆ ಎರಡೂ ಕೂಡುವ ಮನೆ ಯಾವುದು? ಸಿ3. ಡ್ರ್ಯಾಗನ್‌ನ ಗುಟ್ಟೆಲ್ಲ ಈ ಕೂಡುರಸ್ತೆಯಲ್ಲೇ ಇದೆ. ಎದುರಾಳಿ ತನ್ನ ರಾಜನನ್ನು ಸಿ1ಕ್ಕೆ ತಂದು ಕೂರಿಸಿದರಂತೂ ಆ ಕೂಡುರಸ್ತೆ ರಾಜನ ಮನೆಬಾಗಿಲಲ್ಲೇ ಇರುತ್ತದೆ.

ಹಾಗಿದ್ದರೆ ರಾಜನನ್ನು ಅಲ್ಲಿಗೆ ಯಾಕೆ ತರುತ್ತಾರೆ? ಯಾಕೆಂದರೆ ಆ ಕಡೆ ಹೋದರೆ ಈ ಕಡೆ ಪಾನ್‌ಗಳನ್ನು ಧೈರ್ಯವಾಗಿ ನುಗ್ಗಿಸಬಹುದು. ಇದೇ ಯುಗೊಸ್ಲಾವ್ ಅಟ್ಯಾಕ್. ಡ್ರ್ಯಾಗನ್‌ಗೆ ಬಿಳಿಯ ಅತಿ ಗಡುಸಾದ ಉತ್ತರ ಇದು. ನಡೆಗಳು: 6. ಒಂಟೆ ಇ3, ಒಂಟೆ ಜಿ7. 7. ಎಫ್3, ಕ್ಯಾಸಲಿಂಗ್ (ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸುವುದು). 8. ರಾಣಿ ಡಿ2, ಕುದುರೆ ಸಿ6. 9. ಒಂಟೆ ಸಿ4, ಒಂಟೆ ಡಿ7. 10. ಬಿಳಿ ರಾಣಿಯ ಕಡೆಗೆ ಕ್ಯಾಸಲಿಂಗ್.

ಇದರಲ್ಲಿ ಎಫ್3 ನೋಡಲು ಸುಮ್ನೆ ಒಂದು ಸಣ್ಣ ನಡೆ ಅನಿಸುತ್ತದೆ. ಆದರೆ ಅದು ಮೂರು ಕೆಲಸ ಮಾಡುತ್ತದೆ. ಇ4 ಪಾನ್‌ಗೆ ಆಸರೆ ಕೊಡುತ್ತದೆ, ಮುಂದೆ ಜಿ4 ತಳ್ಳಲು ದಾರಿ ಮಾಡುತ್ತದೆ, ನಮ್ಮ ಕುದುರೆ ಜಿ4ಗೆ ಬಂದು ಇ3ರ ಒಂಟೆಯನ್ನು ಕಾಡದಂತೆ ತಡೆಯುತ್ತದೆ. ಇಲ್ಲಿ ಹೊಸಬರಿಗೆ ಒಂದು ಎಚ್ಚರಿಕೆ. ಬಿಳಿ ಒಂಟೆ ಇ3ಗೆ ಬಂದ ಕೂಡಲೇ, ಎಫ್3 ಇನ್ನೂ ಆಡಿಲ್ಲವಲ್ಲ ಅಂತ 6ನೇ ನಡೆಯಲ್ಲೇ ಕುದುರೆಯನ್ನು ಜಿ4ಗೆ ಹಾರಿಸಬೇಡಿ. ಬಿಳಿ ಒಂಟೆ ಬಿ5ಕ್ಕೆ ಬಂದು ಚೆಕ್ ಕೊಡುತ್ತದೆ. ಡಿ7ರಲ್ಲಿ ಒಂಟೆ ಅಡ್ಡ ಇಟ್ಟರೆ ಬಿಳಿ ರಾಣಿ ಜಿ4ರ ಕುದುರೆಯನ್ನು ಹೊಡೆಯುತ್ತದೆ, ನಮ್ಮ ಒಂಟೆ ರಾಜನ ಮುಂದೆ ಸಿಕ್ಕಿಕೊಂಡಿರುವುದರಿಂದ ರಾಣಿಯನ್ನು ಮುಟ್ಟುವ ಹಾಗಿಲ್ಲ. ಡಿ7ರಲ್ಲಿ ಕುದುರೆ ಅಡ್ಡ ಇಟ್ಟರೂ ಅದೇ ಕಥೆ. ಸಿ6ರಲ್ಲಿ ಕುದುರೆ ಇಟ್ಟರೆ ಬಿಳಿ ಕುದುರೆ ಅದನ್ನು ಹೊಡೆದು, ನಾವು ಬಿ ಪಾನ್‌ನಿಂದ ವಾಪಸ್ ಹೊಡೆದಾಗ ಒಂಟೆ ಸಿ6ಕ್ಕೆ ಬಂದು ಇನ್ನೊಂದು ಚೆಕ್, ಜೊತೆಗೆ ಎ8ರ ಆನೆಗೆ ಕುತ್ತು. 9 ನಡೆಯೊಳಗೆ ಆಟ ಹಾಳು. ಬಿಳಿ 6ನೇ ನಡೆಗೆ ಎಫ್4 ಆಡಿದಾಗಲೂ ಇದೇ ಬಿ5 ಚೆಕ್ ಕಾದಿರುತ್ತದೆ. ಅಲ್ಲಿ ನಾವು ಯೋಚಿಸದೆ ಒಂಟೆ ಜಿ7 ಆಡಿ, ಇ5 ಬಂದಾಗ ಅದನ್ನು ಡಿ ಪಾನ್‌ನಿಂದ ಹೊಡೆದು, ಎಫ್ ಪಾನ್ ವಾಪಸ್ ಹೊಡೆದ ಮೇಲೆ ಕುದುರೆಯನ್ನು ಜಿ4ಗೆ ತಂದರೆ ಮತ್ತೆ ಬಿ5ರಲ್ಲಿ ಚೆಕ್. ಈ ಸಲ ರಾಜ ಎಫ್8ಕ್ಕೆ ಸರಿದರೂ ಬಿಳಿ ಕುದುರೆ ಇ6ಕ್ಕೆ ಬಂದು ಚೆಕ್ ಕೊಡುತ್ತದೆ, ಡಿ ಸಾಲು ತೆರೆದು ನಮ್ಮ ರಾಣಿ ಹೋಗುತ್ತದೆ. ಎಫ್4ಗೆ ಕುದುರೆ ಸಿ6 ಆಡುವುದು ಹೆಚ್ಚು ನೆಮ್ಮದಿ.

ಒಂಟೆ ಸಿ4 ಕೂಡ ಬರೀ ಎಫ್7 ನೋಡುವುದಕ್ಕೆ ಬಂದದ್ದಲ್ಲ. ಸಿಸಿಲಿಯನ್‌ನಲ್ಲಿ ಕಪ್ಪಿನ ಕನಸು ಅಂದರೆ ಡಿ5 ತಳ್ಳುವುದು. ಅದು ಆರಾಮಾಗಿ ಸಾಧ್ಯವಾದರೆ ನಮಗೆ ಎಲ್ಲ ಸಮಸ್ಯೆಯೂ ಮುಗಿದ ಹಾಗೆ. ಸಿ4ರ ಒಂಟೆ ಆ ಡಿ5 ಮನೆಯ ಮೇಲೆ ಕಾವಲು ಕೂರುತ್ತದೆ. ಈ ಒಂಟೆ ಬರದೆ ಬಿಳಿ 9ನೇ ನಡೆಗೇ ಕ್ಯಾಸಲಿಂಗ್ ಮಾಡಿದರೆ ನಾವು ತಕ್ಷಣ ಡಿ5 ಆಡಬಹುದು, ಆಡಲೇಬೇಕು ಅಂತ ನನ್ನ ಅಭಿಪ್ರಾಯ. ಬಿಳಿ ಇ ಪಾನ್‌ನಿಂದ ಹೊಡೆದು, ನಮ್ಮ ಕುದುರೆ ಡಿ5ರಲ್ಲಿ ಬಂದು ಕೂತು, ಸಿ6ರಲ್ಲಿ ಕುದುರೆಗಳು ಹೋಗಿ, ಬಿಳಿ ಆಸೆಪಟ್ಟು ಡಿ5ರಲ್ಲೂ ಕುದುರೆ ಬದಲಾಯಿಸಿ ರಾಣಿಯಿಂದ ಆ ಪಾನ್ ಹೊಡೆದರು ಅಂತ ಇಟ್ಟುಕೊಳ್ಳಿ. ಆಗ ನಾವು ರಾಣಿ ಸಿ7! ಎ8ರ ಆನೆ ಬಿಟ್ಟಿದ್ದೇವೆ. ಬಿಳಿ ರಾಣಿ ಅದನ್ನು ಹೊಡೆದರೆ ನಮ್ಮ ಒಂಟೆ ಎಫ್5ಕ್ಕೆ ಬರುತ್ತದೆ. ಅಷ್ಟೇ, ಸಿ2ರಲ್ಲಿ ಮೇಟ್ ಕಾದಿದೆ, ಎ8ರಲ್ಲಿರುವ ರಾಣಿಯ ಮೇಲೂ ನಮ್ಮ ಎಫ್8 ಆನೆಯ ಕಣ್ಣಿದೆ. ಬಿಳಿ ಎರಡು ಆನೆಗೆ ರಾಣಿಯನ್ನು ಕೊಟ್ಟು ಹೊರಬರಬೇಕಾಗುತ್ತದೆ. ಇಲ್ಲಿ ಗಮನಿಸಿ, ಸಿ3 ಕುದುರೆ ಜಾಗ ಬಿಟ್ಟ ಕೂಡಲೇ ಸಿ2 ಎಷ್ಟು ಬೆತ್ತಲಾಯಿತು ಅಂತ.

ಈಗ ಮುಖ್ಯ ದಾರಿಗೆ ಬರೋಣ. 10ನೇ ನಡೆಯ ನಂತರ ಬಿಳಿಯ ಯೋಜನೆ ಎಲ್ಲರಿಗೂ ಗೊತ್ತಿರುವಂಥದ್ದೇ. ಎಚ್4, ಎಚ್5, ಎಚ್ ಸಾಲು ತೆರೆ. ಒಂಟೆ ಎಚ್6 ಆಡಿ ನಮ್ಮ ಜಿ7 ಒಂಟೆಯನ್ನು ಬದಲಾಯಿಸು. ರಾಣಿ ಎಚ್6ಕ್ಕೆ ಬರಲಿ. ಎಫ್6ರ ಕುದುರೆಯನ್ನು ಹೇಗಾದರೂ ಓಡಿಸು ಇಲ್ಲ ಹೊಡೆ. ಎಚ್7ರಲ್ಲಿ ಮೇಟ್. ಇಷ್ಟು ಸುಲಭದ ಯೋಜನೆ ಬೇರೆ ಓಪನಿಂಗ್‌ನಲ್ಲಿ ಸಿಗುವುದು ಕಷ್ಟ. ಅದಕ್ಕೇ ಡ್ರ್ಯಾಗನ್ ಎದುರು ಬಿಳಿ ಆಡುವುದೆಂದರೆ ಎಷ್ಟೋ ಜನಕ್ಕೆ ಹಬ್ಬ.

ನಮ್ಮ ಯೋಜನೆ? ಆನೆ ಸಿ8. ಸಿ6 ಕುದುರೆ ಇ5ಕ್ಕೆ. ಆ ಹೊತ್ತಿಗೆ ಬಿಳಿ ಒಂಟೆ ಬಿ3ಗೆ ಸರಿದಿರುತ್ತದೆ, ನಮ್ಮ ಕುದುರೆ ಸಿ4ಕ್ಕೆ ಹೋಗುತ್ತದೆ. ಅಲ್ಲಿಂದ ಅದು ಡಿ2ರ ರಾಣಿ, ಇ3ರ ಒಂಟೆ, ಬಿ2 ಪಾನ್ ಎಲ್ಲವನ್ನೂ ಒಟ್ಟಿಗೆ ಕಾಡುತ್ತದೆ. ಬಿಳಿ ಬಹುತೇಕ ಒಂಟೆ ಕೊಟ್ಟು ಆ ಕುದುರೆಯನ್ನು ಹೊಡೆಯಲೇಬೇಕು. ನಾವು ಆನೆಯಿಂದ ವಾಪಸ್ ಹೊಡೆಯುತ್ತೇವೆ. ನೋಡಿ, ನಮ್ಮ ಆನೆ ಸಿ8ರಿಂದ ಸಿ4ಕ್ಕೆ ಬಂದಿದೆ, ಅವರ ರಾಜನನ್ನು ಕಾಯುತ್ತಿದ್ದ ಒಳ್ಳೆಯ ಒಂಟೆ ಬೋರ್ಡಿನಿಂದ ಹೋಗಿದೆ. ಆಮೇಲೆ ರಾಣಿ ಎ5, ಇನ್ನೊಂದು ಆನೆ ಸಿ8, ಬಿ5. ಎಲ್ಲವೂ ಸಿ3ರ ಸುತ್ತಲೇ.

ಈಗ ಡ್ರ್ಯಾಗನ್‌ನ ಹೃದಯಕ್ಕೆ ಬಂದೆವು. ಆನೆಯಿಂದ ಸಿ3 ಕುದುರೆಯನ್ನು ಹೊಡೆಯುವುದು. ಲೆಕ್ಕದ ಪ್ರಕಾರ ಆನೆಗೆ 5, ಕುದುರೆಗೆ 3, ಅಂದರೆ ನಮಗೆ 2 ನಷ್ಟ. ಆದರೆ ಏನು ಸಿಗುತ್ತದೆ ನೋಡಿ. ಬಿಳಿ ಬಿ ಪಾನ್‌ನಿಂದ ವಾಪಸ್ ಹೊಡೆಯುತ್ತಾರೆ. ಅವರ ರಾಜನ ಮುಂದಿನ ಗೋಡೆ ಒಡೆಯಿತು. ಎ2 ಒಂಟಿ, ಸಿ2 ಮತ್ತು ಸಿ3 ಒಂದರ ಹಿಂದೆ ಒಂದು ನಿಂತ ಕುಂಟು ಪಾನ್‌ಗಳು. ಇ4 ಪಾನ್‌ಗೆ ಆಸರೆಯಾಗಿದ್ದ ಕುದುರೆ ಇಲ್ಲ, ಡಿ5 ಮನೆಗೆ ಹಾರಲು ಕುದುರೆ ಇಲ್ಲ. ಕುದುರೆ ಡಿ5 ಎನ್ನುವುದು ಬಿಳಿಯ ದಾಳಿಯಲ್ಲಿ ಅತಿ ಮುಖ್ಯ ನಡೆ, ಯಾಕೆಂದರೆ ನಮ್ಮ ಎಚ್7ನ್ನು ಕಾಯುವ ಎಫ್6 ಕುದುರೆಯನ್ನು ತೆಗೆಯುವುದು ಅದೇ. ಹಾಗಾಗಿ ಸಿ3ರಲ್ಲಿ ಆನೆ ಕೊಡುವುದು ದಾಳಿ ಅಷ್ಟೇ ಅಲ್ಲ, ರಕ್ಷಣೆಯೂ ಹೌದು. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಇನ್ನೂ ಆಶ್ಚರ್ಯ ಅಂದರೆ, ಹೀಗೆ ಆನೆ ಕೊಟ್ಟ ಮೇಲೆ ರಾಣಿಗಳು ಬದಲಾದರೂ ಎಷ್ಟೋ ಸಲ ನಮಗೆ ಏನೂ ತೊಂದರೆ ಇರುವುದಿಲ್ಲ. ಒಡೆದ ಪಾನ್‌ಗಳು ಆಟದ ಕೊನೆಯವರೆಗೂ ಹಾಗೇ ಒಡೆದೇ ಇರುತ್ತವೆ, ಒಂದೊಂದೇ ಬೀಳುತ್ತವೆ.

ಯಾವಾಗ ಕೊಡಬೇಕು? ಬಿಳಿ ಒಂಟೆ ಎಚ್6 ಆಡಿದಾಗ ಮೊದಲು ಯೋಚಿಸಿ. ಸಿ3 ಕುದುರೆಗೆ ಬಿ2 ಪಾನ್ ಒಂದು ಕಾವಲು, ಡಿ2ರ ರಾಣಿ ಇನ್ನೊಂದು. ನಾವು ಎಚ್6ರಲ್ಲಿ ಒಂಟೆ ಬದಲಾಯಿಸಿದರೆ ಬಿಳಿ ರಾಣಿ ಎಚ್6ಕ್ಕೆ ಬರಬೇಕು. ಅಂದರೆ ಸಿ3ರಿಂದ ಒಂದು ಕಾವಲು ಕಳಚಿತು! ಬಿಳಿ ಆಡುವವನಿಗೆ ರಾಣಿ ಎಚ್6ಕ್ಕೆ ಬಂತಲ್ಲ ಅಂತ ಖುಷಿ. ಆ ಹೊತ್ತಿನಲ್ಲೇ ಸಿ3ರಲ್ಲಿ ಆನೆ ಹೊಡೆಯುತ್ತದೆ, ಹಿಂದೆಯೇ ರಾಣಿ ಎ5. ಆದರೆ ಕಣ್ಣುಮುಚ್ಚಿ ಕೊಡುವುದೂ ಅಲ್ಲ. ನಮ್ಮ ರಾಣಿ ಎ5ಕ್ಕೆ ಬೇಗ ಬರುವ ಹಾಗಿದೆಯಾ, ಇ4 ಪಾನ್ ನಮಗೆ ಸಿಗುತ್ತದಾ, ಸಿ3ಕ್ಕೆ ಬೇರೆ ಯಾವ ಬಿಳಿ ಕಾಯಿ ಬಂದು ತುಂಬಬಲ್ಲದು, ಇವಿಷ್ಟು ನೋಡಿಕೊಳ್ಳಬೇಕು.

ಕೊನೆಯ ಪ್ರಶ್ನೆ ಎಷ್ಟು ಮುಖ್ಯ ಅಂತ ತೋರಿಸುವ ಆಟ ಒಂದಿದೆ. 1974, ಮಾಸ್ಕೊ, ಕ್ಯಾಂಡಿಡೇಟ್ಸ್ ಫೈನಲ್‌ನ ಎರಡನೇ ಆಟ. ಬಿಳಿ ಅನಟೋಲಿ ಕಾರ್ಪೋವ್, ಕಪ್ಪು ವಿಕ್ಟರ್ ಕೊರ್ಚ್ನೊಯ್. ಆ ಫೈನಲ್ ಗೆದ್ದವರು ಬಾಬಿ ಫಿಷರ್ ಎದುರು ವಿಶ್ವ ಚಾಂಪಿಯನ್‌ಷಿಪ್ ಆಡಬೇಕಿತ್ತು. ಮುಂದಿನ ವರ್ಷ ಫಿಷರ್ ಆಡಲು ಬರದೆ ಪಟ್ಟ ಕಾರ್ಪೋವ್‌ಗೆ ಹೋಯಿತು. ಈ ಆಟದಲ್ಲಿ ಕೊರ್ಚ್ನೊಯ್ ನಾನು ಮೇಲೆ ಹೇಳಿದ ದಾರಿಯಲ್ಲೇ ನಡೆದರು. ಕುದುರೆ ಸಿ4, ಒಂಟೆ ಹೊಡೆಯಿತು, ಆನೆ ಸಿ4. ಕಾರ್ಪೋವ್ ಎಚ್5 ತಳ್ಳಿ ಒಂದು ಪಾನ್ ಬಿಟ್ಟುಕೊಟ್ಟರು. ಕುದುರೆ ಅದನ್ನು ಹೊಡೆಯಿತು, ಜಿ4 ಬಂತು, ಕುದುರೆ ಎಫ್6ಕ್ಕೆ ವಾಪಸ್. ಎಚ್ ಸಾಲು ಬಿಳಿಗೆ ತೆರೆಯಿತು. ಇಲ್ಲಿಯವರೆಗೆ ಎರಡೂ ಕಡೆ ಸಮಾಧಾನ.

ಈಗ ಕಾರ್ಪೋವ್ 16ನೇ ನಡೆಯಲ್ಲಿ ಡಿ4ರ ಕುದುರೆಯನ್ನು ಇ2ಗೆ ಹಿಂದಕ್ಕೆ ತಂದರು. ದಾಳಿಯ ಮಧ್ಯೆ ಹಿಂದಕ್ಕೆ ಯಾಕೆ? ಸಿ3ರ ಕುದುರೆಗೆ ಇನ್ನೊಂದು ಕಾವಲು ಬೇಕು, ಅದಕ್ಕೆ. ಕೊರ್ಚ್ನೊಯ್ ರಾಣಿ ಎ5. ಕಾರ್ಪೋವ್ ಒಂಟೆ ಎಚ್6, ಒಂಟೆಗಳು ಬದಲಾದವು, ಬಿಳಿ ರಾಣಿ ಎಚ್6ಕ್ಕೆ. ಎಫ್ ಆನೆ ಸಿ8ಕ್ಕೆ ಬಂತು. ಸಿ ಸಾಲಿನಲ್ಲಿ ಈಗ ಎರಡು ಕಪ್ಪು ಆನೆ, ಎ5ರಲ್ಲಿ ರಾಣಿ, ಎಲ್ಲವೂ ಸಿ3ನ್ನು ಗುರಿ ಇಟ್ಟಿವೆ. ಇ2ರ ಕುದುರೆ ಕಾವಲು ಕೂತಿದೆ, ಆದರೆ ಅದು ಕಾವಲು ಕೂತರೆ ದಾಳಿಗೆ ಬರುವುದು ಹೇಗೆ? ಇಲ್ಲಿ ಕಾರ್ಪೋವ್ ಆಡಿದ ನಡೆ ನನಗೆ ಯಾವತ್ತೂ ಇಷ್ಟ. 19. ಆನೆ ಡಿ3. ಚೆಕ್ ಇಲ್ಲ, ಬಲಿ ಇಲ್ಲ, ಒಂದು ಆನೆ ಎರಡು ಮನೆ ಮುಂದೆ ಬಂದು ನಿಂತಿತು ಅಷ್ಟೇ. ಈಗ ಸಿ3ನ್ನು ಕಾಯುವ ಕೆಲಸ ಆನೆಯದು, ಇ2ರ ಕುದುರೆಗೆ ಬಿಡುಗಡೆ.

ಅಲ್ಲಿಂದ ಮುಂದೆ ಆಟ ಬಿರುಗಾಳಿಯ ವೇಗದಲ್ಲಿ ಸಾಗಿತು. ಕೊರ್ಚ್ನೊಯ್ ಆನೆ ಸಿ5. ಕಾರ್ಪೋವ್ ಜಿ5 ತಳ್ಳಿ ಇನ್ನೊಂದು ಪಾನ್ ಕೊಟ್ಟರು, ಆನೆ ಜಿ5ನ್ನು ಹೊಡೆಯಿತು. ಬಿಳಿ ಆನೆ ಡಿ5ಕ್ಕೆ, ಆನೆಗಳು ಬದಲಾದವು, ಸಿ3ರ ಕುದುರೆಯೇ ಡಿ5ಕ್ಕೆ ಬಂದು ಕೂತಿತು. ಈಗ ಕಪ್ಪು ಕುದುರೆ ಅದನ್ನು ಹೊಡೆದರೆ ಎಚ್7ರಲ್ಲಿ ಚೆಕ್, ಎಚ್8ರಲ್ಲಿ ಮೇಟ್. ಇ2ರ ಕುದುರೆ ಎಫ್4ಕ್ಕೆ ಬಂತು. ಆಮೇಲೆ 24ನೇ ನಡೆಯಲ್ಲಿ ಇ5. ಇದನ್ನು ಹತ್ತಿರದಿಂದ ನೋಡಿ. ತಕ್ಷಣ ಎಫ್6ರಲ್ಲಿ ಹೊಡೆದು ಕುದುರೆ ಎಚ್5 ಆಡಿದ್ದರೆ ಎ5ರ ಕಪ್ಪು ರಾಣಿ 5ನೇ ಅಡ್ಡಸಾಲಿನಲ್ಲಿ ಸರ್ರನೆ ಜಿ5ಕ್ಕೆ ಬಂದು ಚೆಕ್ ಕೊಟ್ಟು ರಾಣಿ ಬದಲಾಯಿಸುತ್ತಿತ್ತು. ಇ5 ಪಾನ್ ಆ ದಾರಿಗೇ ಅಡ್ಡ ಕೂತಿತು. 27ನೇ ನಡೆಯಲ್ಲಿ ಕೊರ್ಚ್ನೊಯ್ ಸೋಲೊಪ್ಪಿಕೊಂಡರು. ಆಟ ಗೆದ್ದದ್ದು ಎಚ್ ಸಾಲಿನಲ್ಲಿ ಅಂತ ಹೇಳುತ್ತಾರೆ, ಅದು ಸರಿಯೇ. ಆದರೆ ಅದಕ್ಕೂ ಮೊದಲು ಸಿ3ರ ಜಗಳವನ್ನು ಬಿಳಿ ಗೆದ್ದಾಗಿತ್ತು. ಅದನ್ನು ಗೆಲ್ಲದೆ ಎಚ್ ಸಾಲಿನ ದಾಳಿ ಪೂರ್ತಿ ಆಗುತ್ತಿರಲಿಲ್ಲ.

ಇನ್ನೊಂದು ಹಳೆಯ ಆಟವೂ ಇದೇ ಪಾಠ ಹೇಳುತ್ತದೆ, ಬೇರೆ ರೀತಿಯಲ್ಲಿ. 1958ರ ಪೋರ್ಟೊರೋಜ್ ಇಂಟರ್‌ಜೋನಲ್ (ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಟೂರ್ನಿ), ಆಗ 15 ವರ್ಷದ ಹುಡುಗ ಫಿಷರ್ ಬಿಳಿ, ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಕಪ್ಪು. ಲಾರ್ಸೆನ್ ಡಿ4ರಲ್ಲಿ ಕುದುರೆ ಬದಲಾಯಿಸಿ, ಒಂಟೆಯನ್ನು ಇ6ಕ್ಕೆ ತಂದು, ರಾಣಿ ಎ5 ಆಡಿ, ಬಿ5 ಮತ್ತು ಬಿ4 ತಳ್ಳಿ ಸಿ3 ಕುದುರೆಯನ್ನು ಓಡಿಸಿದರು. ಓಡಿಸಿದ್ದು ಒಳ್ಳೆಯದೇ ಅಲ್ವಾ ಅನಿಸಬಹುದು. ಆದರೆ ಆ ಕುದುರೆ ಹೋದದ್ದು ಡಿ5ಕ್ಕೆ. ಲಾರ್ಸೆನ್ ಇ6ರ ಒಂಟೆ ಕೊಟ್ಟು ಅದನ್ನು ಹೊಡೆದರು, ಬಿಳಿ ಒಂಟೆ ವಾಪಸ್ ಹೊಡೆದು ಸ್ವಲ್ಪ ಹೊತ್ತಿನಲ್ಲಿ ಬಿ3ಗೆ ಮರಳಿತು. ಈಗ ಸಿ3ರಲ್ಲಿ ಹೊಡೆಯಲು ಏನೂ ಇಲ್ಲ. ಸಿ ಸಾಲಿನಲ್ಲಿ ಎರಡು ಕಪ್ಪು ಆನೆ ನಿಂತಿವೆ, ಎದುರಿಗಿರುವ ಸಿ2ನ್ನು ಬಿ3ರ ಒಂಟೆ ಗಟ್ಟಿಯಾಗಿ ಹಿಡಿದುಕೊಂಡಿದೆ. ಜಿ7ರ ಒಂಟೆಯ ಓರೆ ಗೆರೆಗೆ ಡಿ4ರಲ್ಲಿ ಬಿಳಿ ಒಂಟೆ ಅಡ್ಡ. ನಮ್ಮ ಎರಡೂ ದಾರಿ ಬಂದ್. ಫಿಷರ್‌ಗೆ ಇನ್ನು ಅವಸರವೇ ಇರಲಿಲ್ಲ. ಎಚ್ ಸಾಲು ತೆರೆದು, ಜಿ5 ತಳ್ಳಿ, ಕುದುರೆ ಎಚ್5ಕ್ಕೆ ಬಂದು ಸಾಲಿಗೆ ಅಡ್ಡ ನಿಂತಾಗ ಆನೆಯನ್ನೇ ಕೊಟ್ಟು ಅದನ್ನು ಕಿತ್ತು ಹಾಕಿ ಜಿ6 ತಳ್ಳಿದರು. 31 ನಡೆಗೆ ಆಟ ಮುಗಿಯಿತು. ಸಿ3 ಕುದುರೆಗೆ ಒಳ್ಳೆಯ ಮನೆ ಸಿಗುವ ಹಾಗೆ ಓಡಿಸುವುದಕ್ಕಿಂತ ಅದನ್ನು ಅಲ್ಲೇ ಕಟ್ಟಿಹಾಕುವುದು ಎಷ್ಟೋ ಸಲ ಲಾಭ. ಬಿ4 ತಳ್ಳಲು ಕೈ ತುರಿಸಿದಾಗ ಮೊದಲು ಡಿ5 ಮನೆ ನೋಡಿ.

ಹಾಗಾದರೆ ಎಚ್ ಸಾಲಿನ ದಾಳಿಗೆ ನೇರ ಉತ್ತರವೇ ಇಲ್ಲವಾ? ಇದೆ. ಬಿಳಿ ಎಚ್4 ಆಡಿದ ಕೂಡಲೇ ನಾವೂ ಎಚ್5. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಆಂಡ್ರೂ ಸೋಲ್ಟಿಸ್ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. ರಾಜನ ಮುಂದಿನ ಪಾನ್ ಮುಟ್ಟಬೇಡ ಅಂತ ಚಿಕ್ಕಂದಿನಿಂದ ಹೇಳಿಸಿಕೊಂಡು ಬಂದವರಿಗೆ ಇದು ಕಸಿವಿಸಿ. ಆದರೆ ಎಚ್5 ಪಾನ್ ಬಂದು ಕೂತರೆ ಬಿಳಿಗೆ ಎಚ್5 ತಳ್ಳಿ ಸಾಲು ತೆರೆಯುವುದು ಆಗುವುದಿಲ್ಲ. ಜಿ4 ತಳ್ಳಬೇಕು, ನಾವು ಅದನ್ನು ಹೊಡೆದರೆ ಮತ್ತೆ ಎಚ್5 ತಳ್ಳಬೇಕು, ಜೊತೆಗೆ ಒಂದು ಪಾನ್ ತೆರಬೇಕು. ಈ ಓಟದಲ್ಲಿ ಒಂದು ನಡೆ ತಡವಾದರೂ ಸಾಕು, ಸಿ ಸಾಲಿನಲ್ಲಿ ನಮ್ಮ ಕೆಲಸ ಆಗಿರುತ್ತದೆ.

ಇದು ದೊಡ್ಡ ವೇದಿಕೆಯಲ್ಲಿ ಕಂಡದ್ದು 1995ರಲ್ಲಿ. ನ್ಯೂಯಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್‌ನ 107ನೇ ಮಹಡಿ, ವಿಶ್ವ ಚಾಂಪಿಯನ್‌ಷಿಪ್ ಪಂದ್ಯ. ಗ್ಯಾರಿ ಕ್ಯಾಸ್ಪರೋವ್ ಎದುರು ನಮ್ಮ ವಿಶ್ವನಾಥನ್ ಆನಂದ್. ಮೊದಲ 8 ಆಟ ಡ್ರಾ. 9ನೇದನ್ನು ಆನಂದ್ ಗೆದ್ದರು, 10ನೇದರಲ್ಲಿ ಕ್ಯಾಸ್ಪರೋವ್ ಸಮ ಮಾಡಿದರು. 11ನೇ ಆಟ, ಆನಂದ್ ಬಿಳಿ. ಸಿಸಿಲಿಯನ್‌ನ ಇನ್ನೊಂದು ಬಗೆಯಾದ ನಾಯ್ಡಾರ್ಫ್ ಆಡುವವರೆಂದೇ ಹೆಸರಾಗಿದ್ದ ಕ್ಯಾಸ್ಪರೋವ್ 5ನೇ ನಡೆಯಲ್ಲಿ ಜಿ6 ಆಡಿದರು. ಡ್ರ್ಯಾಗನ್!

ಆನಂದ್ ಯುಗೊಸ್ಲಾವ್ ಅಟ್ಯಾಕ್‌ಗೇ ಹೋದರು. ಎಚ್4ಗೆ ಕ್ಯಾಸ್ಪರೋವ್ ಎಚ್5. ರಾಜ ಬಿ1, ಕುದುರೆ ಸಿ4, ಒಂಟೆ ಹೊಡೆಯಿತು, ಆನೆ ಸಿ4. ಇಲ್ಲೂ ಆನಂದ್ ಡಿ4ರ ಕುದುರೆಯನ್ನು ಇ2ಗೆ ತಂದರು, ಕಾರಣ ಅದೇ ಸಿ3. ಒಂಟೆಗಳು ಜಿ7ರಲ್ಲಿ ಬದಲಾದವು, ಕುದುರೆ ಡಿ5ಕ್ಕೆ ಬಂದಾಗ ರಾಣಿಗಳೂ ಬದಲಾದವು. ಮೇಟ್ ದಾಳಿಯ ಮಾತೇ ಮುಗಿಯಿತು, ಆಟ ಸಮವಾಗಿ ಸಾಗುತ್ತಿತ್ತು. ಆದರೆ ಸಿ ಸಾಲು ಎಲ್ಲಿಗೂ ಹೋಗಿರಲಿಲ್ಲ. ಕಪ್ಪಿನ ಎರಡೂ ಆನೆ ಅಲ್ಲೇ.

27ನೇ ನಡೆಯ ಹೊತ್ತಿಗೆ ಬಿಳಿ ರಾಜ ಬಿ2ರಲ್ಲಿ, ಆನೆಗಳು ಡಿ2 ಮತ್ತು ಇ1ರಲ್ಲಿ, ಕುದುರೆ ಡಿ5ರಲ್ಲಿ. ಕಪ್ಪಿನ ಒಂಟೆ ಇ6ರಲ್ಲಿ, ಆನೆಗಳು ಸಿ5 ಮತ್ತು ಸಿ8ರಲ್ಲಿ. ಆನಂದ್ ಬಿ4 ತಳ್ಳಿದರು. ಪಾನ್‌ಗಳು ಬದಲಾದ ಮೇಲೆ ಕ್ಯಾಸ್ಪರೋವ್ ಆನೆಯನ್ನು ಸಿ4ಕ್ಕೆ ತಂದರು. ಈಗ ಬಿಳಿ ಕುದುರೆ ಬಿ6ಕ್ಕೆ ಹಾರಿದರೆ ಸಿ4 ಮತ್ತು ಸಿ8ರ ಎರಡು ಆನೆಗಳಿಗೂ ಒಟ್ಟಿಗೆ ಕುತ್ತು. ಯಾರಿಗಾದರೂ ಆಸೆಯಾಗುವ ನಡೆ. ಆನಂದ್ ಅದನ್ನೇ ಆಡಿದರು. ಆದರೆ ಡಿ5ರ ಕುದುರೆ ಇಷ್ಟು ಹೊತ್ತು ಇನ್ನೊಂದು ಕೆಲಸ ಮಾಡುತ್ತಿತ್ತು. ಇ6ರ ಕಪ್ಪು ಒಂಟೆಯ ಓರೆ ಗೆರೆಗೆ ಅಡ್ಡ ನಿಂತಿತ್ತು. ಅದು ಹೊರಟ ಕೂಡಲೇ ಇ6ರಿಂದ ಬಿ3, ಎ2ರವರೆಗೆ ದಾರಿ ತೆರೆಯಿತು. ಕ್ಯಾಸ್ಪರೋವ್ ಆನೆಯಿಂದ ಬಿ4 ಪಾನ್ ಹೊಡೆದು ಚೆಕ್ ಕೊಟ್ಟರು. ರಾಜ ಎ3. ಇನ್ನೊಂದು ಆನೆ ಸಿ2 ಪಾನ್ ಹೊಡೆಯಿತು. ಆನಂದ್ ಸೋಲೊಪ್ಪಿಕೊಂಡರು, 31 ನಡೆ.

ಯಾಕೆ ಸೋಲು? ಬಿಳಿ ಆನೆ ಸಿ2ರಲ್ಲಿ ಹೊಡೆದರೆ ಕಪ್ಪು ಆನೆ ಬಿ3ಗೆ ಬಂದು ಚೆಕ್. ಇ6ರ ಒಂಟೆ ಅದನ್ನು ಕಾಯುತ್ತಿರುವುದರಿಂದ ರಾಜ ಅದನ್ನು ಹೊಡೆಯುವಂತಿಲ್ಲ. ಬಿ5 ಪಾನ್ ಇರುವುದರಿಂದ ಎ4ಕ್ಕೂ ಹೋಗುವಂತಿಲ್ಲ. ರಾಜ ಎ2ಗೆ ಹೋಗಲೇಬೇಕು. ಆಗ ಆನೆ ಇ3ಗೆ ಸರಿಯುತ್ತದೆ, ಒಂಟೆಯಿಂದ ಚೆಕ್, ಮುಂದಿನ ನಡೆಗೆ ಇ1ರ ಆನೆ ಹೋಗುತ್ತದೆ. ರಾಜ ಬಿ4ರ ಆನೆಯನ್ನು ಹೊಡೆದರೆ ಡಿ2ರ ಆನೆ ಹೋಗುತ್ತದೆ. ಎರಡರಲ್ಲೂ ಕಪ್ಪು ಎರಡು ಪಾನ್ ಮೇಲೆ. ಕ್ಯಾಸ್ಪರೋವ್ 13ನೇ ಆಟವನ್ನೂ ಡ್ರ್ಯಾಗನ್‌ನಿಂದಲೇ ಗೆದ್ದರು, ಕೊನೆಗೆ ಪಂದ್ಯ 10.5–7.5ರಲ್ಲಿ ಅವರದಾಯಿತು. 31ನೇ ನಡೆಯಲ್ಲಿ ಬಿದ್ದ ಆ ಸಿ2 ಪಾನ್ ಮೇಲೆ ಕಪ್ಪಿನ ಕಣ್ಣು ಬಿದ್ದದ್ದು 3ನೇ ನಡೆಯಲ್ಲಿ, ಸಿ ಪಾನ್ ಡಿ4ನ್ನು ಹೊಡೆದಾಗ. ಓಪನಿಂಗ್ ಅಂದರೆ ಮೊದಲ 10 ನಡೆ ಮಾತ್ರ ಅಲ್ಲ ಅಂತ ಯಾರಿಗಾದರೂ ತೋರಿಸಬೇಕಾದರೆ ನಾನು ಈ ಆಟವನ್ನೇ ತೋರಿಸುತ್ತೇನೆ.

ಎಲ್ಲ ಬಿಳಿ ಆಟಗಾರರೂ ಈ ಕಾದಾಟಕ್ಕೆ ಬರುವುದಿಲ್ಲ. ಒಂಟೆಯನ್ನು ಇ2ಗೆ ತಂದು ರಾಜನ ಕಡೆಗೇ ಕ್ಯಾಸಲಿಂಗ್ ಮಾಡುವವರಿದ್ದಾರೆ, ಜಿ3 ಆಡಿ ಒಂಟೆಯನ್ನು ಜಿ2ಗೆ ತರುವವರಿದ್ದಾರೆ. ಇವೆಲ್ಲ ಶಾಂತವಾದ ದಾರಿಗಳು. ಇಲ್ಲಿ ಆನೆ ಬಲಿ ಕೊಡುವ ಅವಸರ ಬೇಡ. ಆನೆ ಸಿ8, ಕುದುರೆ ಸಿ4 ಕಡೆಗೆ, ಅವಕಾಶ ಸಿಕ್ಕರೆ ಡಿ5. ಇಷ್ಟರಲ್ಲೇ ನಮಗೆ ಆರಾಮಾದ ಆಟ ಸಿಗುತ್ತದೆ. ಡಿ6 ಆಡದೆ ಬೇಗ ಜಿ6 ಆಡುವ ಇನ್ನೊಂದು ಬಗೆಯೂ ಇದೆ, ಅಕ್ಸೆಲರೇಟೆಡ್ ಡ್ರ್ಯಾಗನ್ ಅಂತ. ಮುಂದೆ ಡಿ5ನ್ನು ಒಂದೇ ನಡೆಯಲ್ಲಿ ತಳ್ಳುವುದು ಅದರ ಆಸೆ. ಆದರೆ ಅಲ್ಲಿ ಬಿಳಿ ಸಿ4 ಪಾನ್ ತಳ್ಳಿ ಡಿ5ನ್ನು ಬಿಗಿಯಾಗಿ ಹಿಡಿದುಬಿಡಬಹುದು. ಜಗಳ ಬೇಕು ಅಂತ ಬಂದವರಿಗೆ ಆ ಬಿಗಿತ ಅಷ್ಟು ಹಿಡಿಸುವುದಿಲ್ಲ.

ಇವತ್ತಿನ ಅಗ್ರ ಆಟಗಾರರು ಡ್ರ್ಯಾಗನ್ ಆಡುವುದು ಅಪರೂಪ, ನಿಜ. ಎಂಜಿನ್‌ಗಳು (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳು) ಬಿಳಿಗೆ ಸ್ವಲ್ಪ ಮೇಲುಗೈ ತೋರಿಸುತ್ತವೆ. ಅದನ್ನು ಕೇಳಿ ಹಿಂಜರಿಯಬೇಡಿ. ಕ್ಲಬ್ ಮಟ್ಟದಲ್ಲಿ, ಜಿಲ್ಲಾ ಟೂರ್ನಿಯಲ್ಲಿ, ಆನ್‌ಲೈನ್‌ನಲ್ಲಿ ನಿಮ್ಮ ಎದುರಾಳಿಗೆ ಎಂಜಿನ್‌ನ 20 ನಡೆ ನೆನಪಿರುವುದಿಲ್ಲ. ಅವರಿಗೆ ನೆನಪಿರುವುದು ಎಚ್4, ಎಚ್5, ಮೇಟ್. ನಿಮಗೆ ಸಿ3 ನೆನಪಿದ್ದರೆ ಆ ಓಟದಲ್ಲಿ ನೀವೇ ಮುಂದೆ.

ಕಲಿಯಲು ನಾನು ಹೇಳುವ ದಾರಿ ಇದು. ಸೋಲ್ಟಿಸ್ ದಾರಿಯಲ್ಲಿ 12ನೇ ನಡೆ ಎಚ್5 ಆದ ಮೇಲಿನ ಸ್ಥಿತಿಯನ್ನು ಬೋರ್ಡ್ ಮೇಲೆ ಜೋಡಿಸಿ. ಗೆಳೆಯರ ಜೊತೆ ಅಲ್ಲಿಂದಲೇ ಆಡಿ, ಒಂದು ಸಲ ಕಪ್ಪು, ಒಂದು ಸಲ ಬಿಳಿ. ಬಿಳಿ ಆಡುವಾಗ ಪ್ರತಿ ನಡೆಗೂ ಸಿ3 ಕಾಯುವವರನ್ನು ಎಣಿಸಿ, ಕಪ್ಪು ಆಡುವಾಗ ಅದರಲ್ಲಿ ಒಬ್ಬರನ್ನು ಹೇಗೆ ಎಳೆಯಬಹುದು ಅಂತ ಹುಡುಕಿ. ಆನೆಯಿಂದ ಸಿ3 ಹೊಡೆಯುವುದು ಸರಿಯೋ ತಪ್ಪೋ ಅನುಮಾನ ಬಂದರೆ ಆ ಅಭ್ಯಾಸದ ಆಟಗಳಲ್ಲಿ ಹೊಡೆದೇ ನೋಡಿ. ಒಡೆದ ಪಾನ್‌ಗಳ ಎದುರು ಒಂದು ಆನೆ ಕಡಿಮೆ ಇಟ್ಟುಕೊಂಡು ಕೊನೆಯವರೆಗೂ ಆಡಿ. ಅದು ಎಲ್ಲಿ ಸಾಲುತ್ತದೆ, ಎಲ್ಲಿ ಸಾಲುವುದಿಲ್ಲ ಅನ್ನುವುದು ಯಾವ ವಿಡಿಯೊಗಿಂತಲೂ ಬೇಗ ಕೈಗೆ ಬರುತ್ತದೆ. ಮುಖ್ಯ ದಾರಿಯ ನಡೆಗಳನ್ನು ಆಮೇಲೆ ಓದಿ, ಆಗ ಅವು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.